ಒಣಗಿಸುವ ಕೋಣೆಯ ಹಸಿರು ಮಸೀದಿ

ಜರ್ಮನ್ ಭಾಷೆಯಲ್ಲಿ ನಾನು ಬರೆದ ಮೊಟ್ಟಮೊದಲ ನಿಜವಾದ ಪತ್ರ ಒಂದು ದೂರು.

ಆಗ ನಾವು ಜರ್ಮನಿಯ ಸೇಂಟ್ ಲಿಯೋನ್-ರೋಟ್‌ಗೆ ಬಂದು ಎರಡು ವರ್ಷವಾಗಿತ್ತು. ಗಂಡ ಮೈಸೂರಿನವರು, ಈ ಊರಿನಲ್ಲೇ ಸಾಫ್ಟ್‌ವೇರ್ ಕೆಲಸ. ನಾನು ಕಾರ್ಕಳದ ಕಡೆಯವಳು, ಓದಿದ್ದು ಆರ್ಕಿಟೆಕ್ಚರ್. ಊರಿನಲ್ಲಿದ್ದಾಗ ಎಂಟು ವರ್ಷ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದೇ ನನ್ನ ಕಸುಬಾಗಿತ್ತು. ಬಸದಿ, ಇಗರ್ಜಿ, ಕುಸಿಯುತ್ತಿರುವ ಗುತ್ತಿನ ಮನೆ, ಏನು ಸಿಕ್ಕಿದರೂ ಟೇಪು ಹಿಡಿದು ಹೊರಡುತ್ತಿದ್ದೆ. ಇಲ್ಲಿ ಆ ಪದವಿಗೆ ಮಾನ್ಯತೆ ಸಿಗಬೇಕಾದರೆ ಒಂದು ಕಟ್ಟು ಕಾಗದಪತ್ರದ ಜೊತೆಗೆ ಬಿ-ಟೂ ಮಟ್ಟದ ಜರ್ಮನ್ ಪರೀಕ್ಷೆಯನ್ನೂ ಪಾಸು ಮಾಡಬೇಕು ಎಂದರು. ಹಾಗಾಗಿ ನಲವತ್ತನೆಯ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕುಳಿತೆ.

ಆ ಪರೀಕ್ಷೆಯಲ್ಲಿ ದೂರು ಪತ್ರ ಬರೆಯುವ ಪ್ರಶ್ನೆಗೆ ದೊಡ್ಡ ಸ್ಥಾನ. ಹೋಟೆಲಿನ ಕೋಣೆ ಕೊಳಕು, ಕೊಂಡ ಯಂತ್ರ ಕೆಟ್ಟಿದೆ ಎಂದೆಲ್ಲ ಕಲ್ಪಿಸಿಕೊಂಡು ಮರ್ಯಾದೆಯ ಭಾಷೆಯಲ್ಲಿ ಸಿಟ್ಟಾಗಬೇಕು. ಉಳಿದವರು ಕಲ್ಪಿಸಿಕೊಂಡು ಬರೆದರು. ನಾನು ಇದ್ದದ್ದನ್ನೇ ಬರೆದೆ.

ನಮ್ಮದು ಎಂಟು ಮನೆಗಳ ಕಟ್ಟಡ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಣಗಿಸಲು ಒಂದು ಕೋಣೆ, ಟ್ರೋಕನ್‌ರಾವ್ಮ್ ಎನ್ನುತ್ತಾರೆ. ಅದರ ಅರ್ಧ ಜಾಗವನ್ನು ಹಳೆಯ ಹಾಸಿಗೆ ಹೊದಿಕೆಗಳಿಂದ ಮುಚ್ಚಿದ, ಜೋಡಿ ಮಂಚದಷ್ಟು ದೊಡ್ಡದಾದ ಏನೋ ಒಂದು ಆಕ್ರಮಿಸಿಕೊಂಡಿತ್ತು. ಉಳಿದ ಅರ್ಧದಲ್ಲಿ ನನ್ನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೇತುಹಾಕಬೇಕು. ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಇದನ್ನೆಲ್ಲ ಅಚ್ಚುಕಟ್ಟಾಗಿ ಬರೆದೆ. ಟೀಚರ್ ಎರಡೇ ಎರಡು ತಪ್ಪು ತಿದ್ದಿ, ಕೆಂಪು ಶಾಯಿಯಲ್ಲಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಕೊಟ್ಟರು. ಇಲ್ಲಿಗೆ ಬಂದ ಮೇಲೆ ನನ್ನನ್ನು ಹೊಗಳಿದ ಮೊದಲ ವಾಕ್ಯ ಅದು. ಆ ಉಬ್ಬಿನಲ್ಲಿ ಪತ್ರವನ್ನು ಶುದ್ಧ ಪ್ರತಿ ಮಾಡಿ, ಕಟ್ಟಡ ನೋಡಿಕೊಳ್ಳುವ ಹೌಸ್‌ಫೆರ್ವಾಲ್ಟುಂಗ್ ಕಚೇರಿಗೆ ಅಂಚೆಗೆ ಹಾಕಿಬಿಟ್ಟೆ.

ಗಂಡ ತಲೆ ಕೆರೆದುಕೊಂಡರು. “ಪ್ರಾಕ್ಟೀಸ್ ಲೆಟರ್‌ನ ಪೋಸ್ಟ್ ಮಾಡ್ಬಿಟ್ಯಾ? ಯಾರ್ದು ಅಂತ ಕೆಳಗೆ ಹೋಗಿ ಕೇಳ್ಬಹುದಿತ್ತಲ್ಲೇ.”

“ಯಾರತ್ರ ಕೇಳುದು? ಅಲ್ಲಿ ಯಾರೂ ಇರುದಿಲ್ಲ” ಎಂದೆ.

ನಿಜ ಹೇಳಬೇಕೆಂದರೆ ಕೇಳುವ ಧೈರ್ಯವಿರಲಿಲ್ಲ. ಬರೆಯುವ ಜರ್ಮನ್ ಬಂದಿತ್ತು, ಮಾತಾಡುವ ಜರ್ಮನ್ ಇನ್ನೂ ಬಂದಿರಲಿಲ್ಲ.

ಎರಡು ವಾರಕ್ಕೆ ನೆಲಮಾಳಿಗೆಯ ಬಾಗಿಲಿಗೆ ನೋಟೀಸು ಅಂಟಿಸಿದರು. ಒಣಗಿಸುವ ಕೋಣೆಯಲ್ಲಿರುವ ಖಾಸಗಿ ವಸ್ತುವನ್ನು ತಿಂಗಳ ಕೊನೆಯೊಳಗೆ ತೆರವು ಮಾಡಬೇಕು, ಇಲ್ಲವಾದರೆ ಕಚೇರಿಯೇ ತೆರವು ಮಾಡಿಸುತ್ತದೆ. ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ. ನನ್ನ ಮಾತಿಗೂ ಈ ದೇಶದಲ್ಲಿ ತೂಕವಿದೆ ಅನ್ನಿಸಿ ಖುಷಿಯಾಯಿತು. ಆ ಖುಷಿ ಇದ್ದದ್ದು ಮೂರು ದಿನ.

ನಾಲ್ಕನೆಯ ದಿನ ಬೆಳಿಗ್ಗೆ, ಮಗಳನ್ನು ಶಾಲೆಗೆ ಕಳಿಸಿ ಬಟ್ಟೆಬುಟ್ಟಿ ಹಿಡಿದು ಕೆಳಗಿಳಿದೆ. ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ನೆಲಮಹಡಿಯಲ್ಲಿ ಒಬ್ಬರೇ ಇರುವ ತುರ್ಕಿ ಮುದುಕರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಮೆಟ್ಟಿಲಲ್ಲಿ ಎದುರಾದಾಗ ತಲೆಬಾಗಿಸುವಷ್ಟೇ ಅವರ ಪರಿಚಯ. ಹೊದಿಕೆಗಳು ಅವರ ಕಾಲಬುಡದಲ್ಲಿ ರಾಶಿಯಾಗಿ ಬಿದ್ದಿದ್ದವು. ಅವುಗಳ ಕೆಳಗಿದ್ದದ್ದು ಒಂದು ಮಸೀದಿ.

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ನನ್ನ ಎದೆಯೆತ್ತರ. ದಪ್ಪ ಹಲಗೆಯ ಅಡಿಪಾಯದ ಮೇಲೆ ಗಾರೆಯ ಗೋಡೆಗಳು. ಗೋಡೆಗಳಿಗೆ ಉಗುರಿನಷ್ಟು ಸಣ್ಣ ಆರುಮೂಲೆಯ ಟೈಲುಗಳು, ಒಂದೊಂದೂ ಕೈಯಲ್ಲಿ ಕತ್ತರಿಸಿದ್ದು, ಗಾಢ ಹಸಿರು. ಒಂದರ ಹಿಂದೆ ಒಂದು ಎರಡು ದೊಡ್ಡ ಗುಮ್ಮಟ, ಅಕ್ಕಪಕ್ಕ ಸಣ್ಣವು. ಮೇಲಿನಿಂದ ನೋಡಿದರೆ ತಲೆಕೆಳಗಾದ ಟಿ ಅಕ್ಷರ. ನಾನು ಬುಟ್ಟಿ ಕೆಳಗಿಟ್ಟೆ. ಕಾಲೇಜಿನ ಲೈಬ್ರರಿಯಲ್ಲಿ ಈ ನಕ್ಷೆಯನ್ನು ಪೆನ್ಸಿಲಿನಲ್ಲಿ ನಕಲು ಮಾಡಿದ್ದೆ. ಖಚಿತವಾದದ್ದು ಮುಂಭಾಗ ನೋಡಿದ ಮೇಲೆ. ಅಲ್ಲಿ ಜಗುಲಿಯೇ ಇರಲಿಲ್ಲ. ಜಗುಲಿಯ ಕಮಾನುಗಳು ಹೊರಡಬೇಕಾದ ಕಡೆ ಕಲ್ಲಿನ ಮೊಟಕು ಚಾಚುಗಳಷ್ಟೇ ಗೋಡೆಯಿಂದ ಇಣುಕುತ್ತಿದ್ದವು.

“ಇದು ಬುರ್ಸಾ ಊರಿನ ಹಸಿರು ಮಸೀದಿ ಅಲ್ಲವಾ? ಜಗುಲಿ ಕಟ್ಟುವ ಮೊದಲೇ ಸುಲ್ತಾನ ಸತ್ತುಹೋದ...” ಎಂದೆ. ವ್ಯಾಕರಣ ಎಲ್ಲೆಲ್ಲಿ ಮುರಿಯಿತೋ ಗೊತ್ತಿಲ್ಲ.

ಮುದುಕರು ಎದ್ದುನಿಂತರು. “ನಿನಗೆ ಹೇಗೆ ಗೊತ್ತು?”

ಜರ್ಮನ್ನಿನಲ್ಲಿ ನಮ್ಮ ಟೀಚರ್ ಅಷ್ಟು ಕಷ್ಟಪಟ್ಟು ಕಲಿಸಿದ ಬಹುವಚನ ಅವರ ಬಾಯಲ್ಲಿ ಇರಲೇ ಇಲ್ಲ. ಕಟ್ಟಡ ಕೆಲಸದ ಜಾಗಗಳಲ್ಲಿ ಕಲಿತ ಭಾಷೆ, ಎಲ್ಲರಿಗೂ ಏಕವಚನ. ನಾನು ಓದಿದ್ದು ಏನು ಎಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ದೊಡ್ಡ ಗುಮ್ಮಟವನ್ನು ಎರಡೂ ಕೈಯಿಂದ ಹಂಡೆಯ ಮುಚ್ಚಳ ತೆಗೆದಂತೆ ಎತ್ತಿ ಪಕ್ಕಕ್ಕಿಟ್ಟರು. “ಬಾ, ಒಳಗೆ ನೋಡು” ಎಂದರು.

ಒಳಗೆ ನಡುವಿನ ಅಂಗಳ, ಅದರ ಮಧ್ಯೆ ಅಂಗಿಯ ಗುಂಡಿಯಷ್ಟು ದೊಡ್ಡ ನೀರಿನ ಕಾರಂಜಿ. ಅಲ್ಲಿಂದ ಕೆಲವು ಮೆಟ್ಟಿಲು ಹತ್ತಿದರೆ ಎರಡನೆಯ ಗುಮ್ಮಟದ ಕೆಳಗೆ ನಮಾಜಿನ ಜಾಗ, ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕು ತೋರಿಸುವ ಎತ್ತರದ ಕಮಾನುಗೂಡು. ಬಾಗಿಲ ಮೇಲ್ಗಡೆ ಸುಲ್ತಾನ ಕೂರುವ ಉಪ್ಪರಿಗೆ. ಚೌಕ ಕೋಣೆಯ ಮೇಲೆ ಉರುಟು ಗುಮ್ಮಟ ಕೂರಿಸುವುದು ಹೇಗೆ ಎಂಬ ಪ್ರಶ್ನೆ ಎಲ್ಲ ದೇಶದ ಕೆಲಸಗಾರರಿಗೂ ಬಂದದ್ದೇ. ನಮ್ಮ ಬಿಜಾಪುರದವರು ಒಂದನ್ನೊಂದು ಹಾಯುವ ಕಮಾನುಗಳಿಂದ ಅದನ್ನು ಬಿಡಿಸಿದರು. ಆಟೊಮನ್ನರ ಮೊದಮೊದಲ ಮೇಸ್ತ್ರಿಗಳು ಕಾಗದ ಮಡಚಿದಂತೆ ತ್ರಿಕೋನಗಳ ಪಟ್ಟಿಯೊಂದನ್ನು ಗೋಡೆಯ ತಲೆಗೆ ಸುತ್ತಿ, ಚೌಕವನ್ನು ಮೆಲ್ಲಗೆ ವೃತ್ತ ಮಾಡಿದರು. ಪುಸ್ತಕದಲ್ಲಿ ಎಷ್ಟು ನೋಡಿದರೂ ಅರ್ಥವಾಗದಿದ್ದ ಆ ಪಟ್ಟಿಯನ್ನು ಅಂದು ಬೆರಳಿನಿಂದ ಮುಟ್ಟಿ ನೋಡಿದೆ. ಗಾರೆಯ ಒಂದೊಂದು ಮಡಿಕೆಯೂ ಸರಿಯಾಗಿತ್ತು.

“ಎಷ್ಟು ವರ್ಷದ ಕೆಲಸ?”

“ಹೆಂಡತಿ ಹೋದ ಮೇಲೆ ಶುರು ಮಾಡಿದ್ದು. ಒಂಬತ್ತು” ಎಂದರು. “ನಲವತ್ತು ವರ್ಷ ಈ ಸುತ್ತಿನ ಊರುಗಳ ಬಾತ್‌ರೂಮುಗಳಿಗೆಲ್ಲ ಟೈಲ್ಸ್ ಹಾಕಿದೆ. ನಿನ್ನ ಮನೆಯ ಬಾತ್‌ರೂಮಿನದ್ದೂ ನಾನು ಹಾಕಿದ್ದೇ. ಆ ಬಣ್ಣ ನನ್ನ ಆಯ್ಕೆಯಲ್ಲ, ಬೈಬೇಡ. ಮಿಕ್ಕ ಚೂರುಗಳನ್ನೆಲ್ಲ ತಂದಿಟ್ಟಿದ್ದೆ. ಅದೇ ಇದು.”

ನಾನು ನಕ್ಕೆ. ನಗುತ್ತಿರುವಾಗಲೇ ಅವರ ಅಂಗಿಯ ಜೇಬಿನಲ್ಲಿ ಮಡಚಿಟ್ಟಿದ್ದ ನೋಟೀಸಿನ ಪ್ರತಿ ಕಣ್ಣಿಗೆ ಬಿತ್ತು. ಅವರು ಅದನ್ನು ತೆಗೆದು ತೋರಿಸಿದರು. “ತಿಂಗಳ ಕೊನೆಯೊಳಗೆ ತೆಗೀಬೇಕಂತೆ. ಎಲ್ಲಿಗೆ ತೆಗೀಲಿ? ಬಾಗಿಲು ಎಂಬತ್ತು ಸೆಂಟಿಮೀಟರ್. ಇಲ್ಲೇ ಕಟ್ಟಿದ್ದು, ಇಲ್ಲೇ ಬೆಳೆದದ್ದು. ಹೊರಗೆ ತರುವ ಯೋಚನೆಯೇ ಬಂದಿರಲಿಲ್ಲ.”

ಬಟ್ಟೆ ಒಣಹಾಕದೆ ಬುಟ್ಟಿ ಎತ್ತಿಕೊಂಡು ಮೇಲೆ ಬಂದು ಅಡುಗೆಮನೆಯಲ್ಲಿ ಕೂತೆ. ಸಂಜೆ ಗಂಡ ಬಂದಾಗ ಎಲ್ಲ ಹೇಳಿದೆ.

“ಈಗ ನೀನು ಏನೂ ಹೇಳ್ಬೇಡ” ಎಂದರು. “ಹೇಳಿದ್ರೆ ಅವ್ರಿಗೂ ಬೇಜಾರು, ನಿನಗೂ ಬೇಜಾರು. ಇನ್ನೊಂದು ಲೆಟರ್ ಬರೀ, ಕಂಪ್ಲೇಂಟ್ ವಾಪಸ್ ಅಂತ.”

ಬರೆದೆ. ಅದಕ್ಕೂ ಮರ್ಯಾದೆಯ ಭಾಷೆಯಲ್ಲಿ ಉತ್ತರ ಬಂತು. ವಿಷಯ ಈಗ ದೂರಿಗೆ ಸಂಬಂಧಿಸಿದ್ದಲ್ಲ, ಬೆಂಕಿ ಸುರಕ್ಷತೆಯ ನಿಯಮಕ್ಕೆ ಸಂಬಂಧಿಸಿದ್ದು, ನೆಲಮಾಳಿಗೆಯ ಸಾಮೂಹಿಕ ಜಾಗದಲ್ಲಿ ಯಾವ ವಸ್ತುವನ್ನೂ ಇಡುವಂತಿಲ್ಲ. ನಾನೇ ಎಬ್ಬಿಸಿದ ನಿಯಮ ಮತ್ತೆ ಮಲಗಲು ಒಪ್ಪಲಿಲ್ಲ.

ಮರುದಿನ ಟೇಪು, ಗ್ರಾಫ್ ಹಾಳೆ, ಪೆನ್ಸಿಲು ಹಿಡಿದು ಕೆಳಗೆ ಹೋದೆ. “ನಾನು ಅಳೆದು ಕೊಡುತ್ತೇನೆ, ಎಲ್ಲಿ ಬಿಡಿಸಿದರೆ ಬಾಗಿಲಲ್ಲಿ ಹೋಗುತ್ತದೆ ಅಂತ ನೋಡುವ” ಎಂದೆ.

“ಬಿಡಿಸುವುದಾ?” ಎಂದು ಅವರು ಮುಖ ತಿರುಗಿಸಿದರು. “ಇದಕ್ಕೆ ಕತ್ತಿ ಹಾಕುವುದಿಲ್ಲ. ಬೇಕಾದರೆ ಅವರೇ ಬಂದು ಒಡೆಯಲಿ.”

ಆದರೂ ನಾನು ಅಳೆಯುವುದನ್ನು ಅವರು ತಡೆಯಲಿಲ್ಲ. ದಿನವೂ ಕ್ಲಾಸು ಮುಗಿಸಿ ಬಂದು ಎರಡು ಗಂಟೆ ಅಲ್ಲಿರುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದರು. ಮನಸ್ಸಿನಲ್ಲಿ ಅವರಿಗೆ ‘ಮೇಸ್ತ್ರಿ’ ಎಂದು ಹೆಸರಿಟ್ಟಿದ್ದೆ. ಒಂದು ದಿನ ಬಾಯ್ತಪ್ಪಿ ಹಾಗೇ ಕರೆದೆ. ಅರ್ಥ ಹೇಳಿದಾಗ ಅವರ ಮುಖ ಅರಳಿತು. ಅವರ ಭಾಷೆಯಲ್ಲಿ ಅಂಥವರಿಗೆ ‘ಉಸ್ತಾ’ ಎನ್ನುತ್ತಾರಂತೆ. ನಲವತ್ತು ವರ್ಷದಲ್ಲಿ ಯಾವ ಜರ್ಮನ್ ಮಾಲೀಕನೂ ಹಾಗೆ ಕರೆದಿರಲಿಲ್ಲ ಎಂದರು. ಅಂದಿನಿಂದ ನಾನು ಅವರಿಗೆ ‘ಮಗಳೇ’ ಆದೆ.

ಆ ಮಸೀದಿಯ ಕತೆ ನಾನು ಪುಸ್ತಕದಲ್ಲಿ ಓದಿದ್ದೆ, ಅವರು ಅದರ ಕೆಳಗಿನ ಓಣಿಯಲ್ಲೇ ಹುಟ್ಟಿ ಬೆಳೆದಿದ್ದರು. ಎರಡನ್ನೂ ಕೂಡಿಸಿ ಇಡೀ ಕತೆ ಮಾಡಿಕೊಂಡೆವು. ಆಟೊಮನ್ ರಾಜ್ಯ ಇನ್ನೂ ಎಳೆಯದಿದ್ದಾಗ ಪೂರ್ವದಿಂದ ಬಂದ ದಂಡು ಅದನ್ನು ಮುರಿದುಹಾಕಿತು. ಸುಲ್ತಾನ ಸೆರೆಯಾದ. ಅವನ ಮಕ್ಕಳು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಕೊನೆಗೆ ಉಳಿದವನು ಒಡೆದ ರಾಜ್ಯವನ್ನು ಕೂಡಿಸಿ, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಈ ಕಟ್ಟಡಕ್ಕೆ ಕೈಹಾಕಿದ. ಅವನು ಸತ್ತಾಗ ಮುಂದಿನ ಜಗುಲಿ ಬಾಕಿ ಇತ್ತು, ಕೆಲವು ಕಿಟಕಿಗಳ ಕೆತ್ತನೆಯೂ ಬಾಕಿ. ಯಾರೂ ಅದನ್ನು ಪೂರ್ತಿ ಮಾಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂಕಂಪವಾಗಿ ಕಟ್ಟಡ ಜಖಂ ಆಯಿತು, ರಿಪೇರಿಯಾಯಿತು. ಜಗುಲಿ ಮಾತ್ರ ಆಗಲೂ ಬರಲಿಲ್ಲ.

“ಒಳಗಿನ ಅಲಂಕಾರ ನೋಡಿಕೊಂಡವನು ನಮ್ಮೂರಿನವನೇ” ಎಂದರು ಮೇಸ್ತ್ರಿ. “ಆ ದಂಡು ಹಿಂದೆ ಹೋಗುವಾಗ ಅವನನ್ನೂ ಎಳಕೊಂಡು ಹೋಯಿತಂತೆ, ದೂರ ಸಮರ್‌ಖಂಡಕ್ಕೆ. ಅವನು ಅಲ್ಲಿನ ಕೆಲಸ ಕಲಿತು ವಾಪಸ್ ಬಂದ. ಬಂದವನು ಇದನ್ನು ಮಾಡಿದ.” ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. “ನಾನೂ ಎರಡು ವರ್ಷಕ್ಕೆ ಅಂತ ಬಂದವನು. ಕೆಲಸ ಕಲಿತೆ. ವಾಪಸ್ ಹೋಗಲಿಲ್ಲ.”

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಮ್ಮಟವೂ ಅಲ್ಲ, ಟೈಲೂ ಅಲ್ಲ, ಮೂಲೆಗಳಲ್ಲಿದ್ದ ಸಣ್ಣ ಕೋಣೆಗಳು. ಒಂದೊಂದರಲ್ಲೂ ಗೋಡೆಗೂಡು, ಬೆಂಕಿ ಹಾಕುವ ಒಲೆ. ಮೊದಲ ಕಾಲದ ಆಟೊಮನ್ ಮಸೀದಿಗಳು ನಮಾಜಿಗೆ ಮಾತ್ರ ಕಟ್ಟಿದವಲ್ಲ, ಅಲೆಮಾರಿ ಫಕೀರರಿಗೆ, ದಾರಿಹೋಕರಿಗೆ ಅಲ್ಲಿ ಉಳಿಯುವ ಜಾಗವೂ ಇರುತ್ತಿತ್ತು. ನಮ್ಮ ಕಡೆ ದೇವಸ್ಥಾನದ ಪಕ್ಕ ಛತ್ರ ಇದ್ದ ಹಾಗೆ, ಆದರೆ ಅಲ್ಲಿ ಎರಡೂ ಒಂದೇ ಸೂರಿನ ಕೆಳಗೆ. ಮುಂದೆ ಕಾಲ ಬದಲಾಗಿ ಸುಲ್ತಾನರು ದೊಡ್ಡದೊಡ್ಡ ಮಸೀದಿ ಕಟ್ಟತೊಡಗಿದ ಮೇಲೆ ಆ ಕೋಣೆಗಳು ಬೇಡವಾದವು. ಎಷ್ಟೋ ಕಡೆ ಗೋಡೆ ಒಡೆದು ನಮಾಜಿನ ಜಾಗಕ್ಕೆ ಸೇರಿಸಿಬಿಟ್ಟರು.

“ಬಂದವನನ್ನು ಮೂರು ದಿನ ಏನೂ ಕೇಳುವ ಹಾಗಿರಲಿಲ್ಲ, ಅಂತ ನನ್ನ ಅಜ್ಜಿ ಹೇಳುತ್ತಿದ್ದಳು” ಎಂದರು ಮೇಸ್ತ್ರಿ. “ಯಾರು, ಎಲ್ಲಿಂದ, ಯಾಕೆ, ಏನೂ ಇಲ್ಲ. ಸೂಪು, ರೊಟ್ಟಿ, ಒಲೆ. ನನ್ನನ್ನು ಇಲ್ಲಿಗೆ ರೈಲು ಹತ್ತಿಸುವ ಮೊದಲೇ ಜರ್ಮನ್ ಡಾಕ್ಟರರು ಬಾಯಿ ತೆರೆಸಿ ಹಲ್ಲು ನೋಡಿದರು. ಇಲ್ಲಿ ಬಂದರೆ ಒಂದು ಶೆಡ್ಡು, ಎಂಟು ಜನ, ಮೇಲೊಂದು ಕೆಳಗೊಂದು ಮಂಚ. ಆಗ ಈ ಕೋಣೆಗಳು ನೆನಪಾದವು.”

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆದರೆ ದೂರು ಎಂಬ ಶಬ್ದ ನನ್ನ ತಲೆಯಲ್ಲೇ ಸುತ್ತುತ್ತಿತ್ತು.

ವಾರದ ಕೊನೆಗೆ ಅಮ್ಮನ ಫೋನು. ಕಾರ್ಕಳದಲ್ಲಿ ಅಕ್ಕನ ಜೊತೆ ಇರುವ ಅಮ್ಮನಿಗೆ ನನ್ನ ದಿನಚರಿ ಪೂರ್ತಿ ಬೇಕು. ಎಲ್ಲ ಹೇಳಿದೆ. ಅಮ್ಮ ಸ್ವಲ್ಪವೂ ತಡಮಾಡಲಿಲ್ಲ.

“ಚಾಡಿ ಹೇಳಿದ್ದು ನೀನು. ಈಗ ಅವರ ಚಾ ಕುಡಿದು ಟೇಪು ಹಿಡುದು ಎಂತ ಸಹಾಯ ಮಾರಾಯ್ತಿ? ಅದು ಸಹಾಯ ಅಲ್ಲ, ನಿನ್ನ ಹೊಟ್ಟೆಯ ಸಂಕಟಕ್ಕೆ ಮದ್ದು. ಮೊದಲು ಹೇಳಿ ಬಾ.”

“ಅವರು ಬಾಗಿಲು ಹಾಕಿಕೊಂಡ್ರೆ?”

“ಹಾಕಿಕೊಳ್ಳಲಿ. ಅದು ಅವರ ಇಷ್ಟ. ಹೇಳುದು ನಿನ್ನ ಕೆಲಸ.”

ಮರುದಿನ ಕೆಳಗಿಳಿಯುವಾಗ ಟೇಪು ಒಯ್ಯಲಿಲ್ಲ. ಕ್ಲಾಸಿನಲ್ಲಿ ಕ್ಷಮೆ ಕೇಳುವ ವಾಕ್ಯಗಳನ್ನೂ ಕಲಿಸಿದ್ದರು, ಮೂರು ನಾಲ್ಕು ಬಾಯಿಪಾಠ ಮಾಡಿಕೊಂಡಿದ್ದೆ. ಕೋಣೆಗೆ ಹೋಗಿ ನಿಂತವಳಿಗೆ ಒಂದೂ ಬರಲಿಲ್ಲ. “ಆ ಪತ್ರ ಬರೆದದ್ದು ನಾನು” ಎಂದಷ್ಟೇ ಹೇಳಿದೆ.

ಮೇಸ್ತ್ರಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದರು. “ಗೊತ್ತು” ಎಂದರು.

“ಗೊತ್ತಾ?”

“ಕಚೇರಿಯವರು ಪತ್ರದ ಪ್ರತಿ ಕಳಿಸಿದ್ದರು, ಹೆಸರಿಗೆ ಕಪ್ಪು ಬಳಿದು. ಅದರ ಫೋಟೋ ಕಳಿಸಿದೆ, ನನ್ನ ಮಗಳು ಫೋನಿನಲ್ಲಿ ಓದಿ ಹೇಳಿದಳು. ‘ಐದೂವರೆ ಮೀಟರ್ ಉದ್ದದ ನನ್ನ ಬಟ್ಟೆಯನ್ನು ಹರಡಲು ಜಾಗವಿಲ್ಲ.’” ಅವರು ನನ್ನತ್ತ ನೋಡಿದರು. “ಈ ಕಟ್ಟಡದಲ್ಲಿ ಐದೂವರೆ ಮೀಟರ್ ಬಟ್ಟೆ ಯಾರಿಗಿದೆ, ಹೇಳು?”

ನಗುವುದೋ ಅಳುವುದೋ ತಿಳಿಯಲಿಲ್ಲ. ಬಹುಶಃ ಎರಡೂ ಆಯಿತು.

“ಒಂದು ವಾರ ಸಿಟ್ಟಿತ್ತು” ಎಂದರು. “ನೀನು ಬುಟ್ಟಿ ಹಿಡಿದು ಬಂದ ದಿನ ಬೈಯಬೇಕು ಅಂತಲೇ ಇದ್ದೆ. ನೀನು ಬಂದವಳೇ ಜಗುಲಿ ಕೇಳಿದೆ. ಒಂಬತ್ತು ವರ್ಷದಲ್ಲಿ ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ನನ್ನ ಮಗಳು ಕೂಡ, ‘ಬಾಬಾ, ಮುಂಭಾಗ ಯಾವಾಗ ಮುಗಿಸ್ತೀಯ’ ಅಂತಾಳೆ. ಆಮೇಲೆ ನೀನು ದಿನಾ ಬಂದೆ. ನೀನೇ ಹೇಳುವ ತನಕ ಕಾಯೋಣ ಅಂದುಕೊಂಡೆ. ಹದಿನಾರು ದಿನ ತಗೊಂಡೆ.”

“ಅಮ್ಮ ಬೈದಳು” ಎಂದೆ.

“ಒಳ್ಳೆಯ ಅಮ್ಮ” ಎಂದು ಚಹಾ ಬಗ್ಗಿಸಿದರು.

ಅಂದೇ ಅವರು ಬಿಡಿಸುವುದಕ್ಕೆ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಒಪ್ಪಿದ್ದು ಇನ್ನೂ ಎರಡು ದಿನದ ಮೇಲೆ, ನಾನು ಸಂದು ಹುಡುಕಿದಾಗ. ಊರಿನಲ್ಲಿ ಬಸದಿಯ ಹಳೆಯ ಗಾರೆ ಎಲ್ಲಿ ಟೊಳ್ಳಾಗಿದೆ ಎಂದು ತಿಳಿಯಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೆ. ಹಾಗೆಯೇ ಮಾದರಿಯ ಗೋಡೆಗಳನ್ನು ಒಂದು ತುದಿಯಿಂದ ತಟ್ಟುತ್ತಾ ಹೋದೆ. ನಡುವಿನ ಅಂಗಳಕ್ಕೂ ಪಕ್ಕದ ಕೋಣೆಗಳಿಗೂ ಮಧ್ಯೆ ಸದ್ದು ಬದಲಾಯಿತು. ಅಲ್ಲಿ ಇದ್ದದ್ದು ಒಂದು ಗೋಡೆಯಲ್ಲ, ಮೈಗೆ ಮೈ ತಾಗಿಸಿ ನಿಂತ ಎರಡು.

“ಇಲ್ಲಿ ಎರಡು ಗೋಡೆ ಉಂಟಲ್ಲ?”

ಮೇಸ್ತ್ರಿ ಹಣೆ ಉಜ್ಜಿಕೊಂಡರು. ಮೊದಲ ಮೂರು ವರ್ಷ ನಡುವಿನ ಭಾಗವನ್ನಷ್ಟೇ ಕಟ್ಟಿದ್ದರಂತೆ. ಪಕ್ಕದ ಕೋಣೆಗಳನ್ನು ಆಮೇಲೆ ಬೇರೆ ಹಲಗೆಗಳ ಮೇಲೆ ಕಟ್ಟಿ ತಂದು ಅಂಟಿಸಿ, ಸಂದು ಕಾಣದಂತೆ ಮೇಲೆ ಟೈಲು ಹಾಕಿದ್ದರು. ಎಷ್ಟು ಚೆನ್ನಾಗಿ ಮುಚ್ಚಿದ್ದರೆಂದರೆ ತಾವೇ ಮರೆತಿದ್ದರು.

ನಾನು ಗ್ರಾಫ್ ಹಾಳೆ ಬಿಡಿಸಿ ತೋರಿಸಿದೆ. ನಿಜವಾದ ಕಟ್ಟಡವೂ ಹೀಗೇ ಬಿಡಿಬಿಡಿ ಕೋಣೆಗಳನ್ನು ಒತ್ತೊತ್ತಾಗಿ ಕೂಡಿಸಿದ್ದು, ಒಂದೊಂದಕ್ಕೂ ತನ್ನದೇ ಗೋಡೆ, ತನ್ನದೇ ಸೂರು. ಬಿಡಿಸಿದರೆ ಮುರಿದ ಹಾಗಲ್ಲ. ನಡುವಿನ ತುಂಡು ಎಪ್ಪತ್ತೆಂಟು ಸೆಂಟಿಮೀಟರ್, ಬಾಗಿಲಲ್ಲಿ ಹೋಗುತ್ತದೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮನೆಗೆ ಹೋಗಿ ಗಾರೆ ಕೆರೆಯುವ ಸಣ್ಣ ಗರಗಸ ತಂದರು. ಸಂದಿನ ಮೇಲಿನ ಟೈಲುಗಳನ್ನು ಇಬ್ಬರೂ ಒಂದೊಂದಾಗಿ ಬಿಡಿಸಿ, ನಂಬರು ಬರೆದು, ಮೊಟ್ಟೆಯ ಟ್ರೇಗಳಲ್ಲಿ ಜೋಡಿಸಿದೆವು. ಮಗಳು ಶಾಲೆಯಿಂದ ಬಂದವಳು ಬಾಗಿಲಲ್ಲಿ ನಿಂತು, “ಮಮ್ಮಾ, ವಾಸ್ ಮಾಖ್ಸ್ಟ್ ಡು ಡಾ?” ಎಂದು, ಏನು ಮಾಡುತ್ತಿದ್ದೀ ಎಂಬಂತೆ ಕಣ್ಣರಳಿಸಿದಳು. ನನ್ನ ಕೈ ಗಾರೆಯಲ್ಲಿ ಇಷ್ಟು ಮುಳುಗಿದ್ದನ್ನು ಅವಳು ನೋಡಿಯೇ ಇರಲಿಲ್ಲ.

“ಕೆಲಸ ಮಾಡ್ತಾ ಇದ್ದೇನೆ” ಎಂದೆ. ಆ ಮಾತು ಹೇಳಿ ಎಷ್ಟೋ ಕಾಲವಾಗಿತ್ತು.

ಇಡುವ ಜಾಗವನ್ನು ಮೇಸ್ತ್ರಿಯ ಮಗಳು ಹುಡುಕಿದಳು. ಅವಳು ವೋಲ್ಫ್ಸ್‌ಬುರ್ಗ್‌ನಲ್ಲಿ ಕಾರು ಕಾರ್ಖಾನೆಯ ಇಂಜಿನಿಯರು. ಪಕ್ಕದ ಊರಿನ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಪೀಠೋಪಕರಣ ಗೋದಾಮನ್ನು ಪ್ರಾರ್ಥನೆಯ ಜಾಗ ಮಾಡಿಕೊಂಡಿದ್ದ ತುರ್ಕಿ ಸಂಘಕ್ಕೆ ಫೋನ್ ಮಾಡಿ, ಅವರ ಚಹಾ ಕೋಣೆಯ ಒಂದು ಬದಿಯನ್ನು ಕೊಡಿಸಿದಳು. ಎತ್ತಲು ನನ್ನ ಗಂಡನ ಆಫೀಸಿನ ಇಬ್ಬರು ಬೆಂಗಳೂರಿನ ತರುಣರು ಬಂದರು. ಒಬ್ಬ ಮಾದರಿ ನೋಡಿದವನೇ ಸೊಂಟಕ್ಕೆ ಕೈಕೊಟ್ಟು ನಿಂತ.

“ಗುರೂ, ಮಾಡೆಲ್ ಅಂದ್ರಲ್ಲ, ಇದು ಬಿಲ್ಡಿಂಗೇ ಕಣೋ.”

“ಬಾಯಿ ಮುಚ್ಕೊಂಡು ಆ ಕಡೆ ಹಿಡ್ಕೋ ಮಗಾ. ಟೈಲ್ಸ್ ಮುಟ್ಬೇಡ, ಬುಡಕ್ಕೆ ಕೈ ಹಾಕು.”

ಪಕ್ಕದ ಕೋಣೆಗಳು ಸಲೀಸಾಗಿ ಹೊರಬಂದವು. ನಡುವಿನ ತುಂಡು ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ತೆರೆದ ಬಾಗಿಲ ದಪ್ಪವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ಎಂಟು ವರ್ಷ ಕಟ್ಟಡ ಅಳೆದವಳ ತಪ್ಪು. ಗಂಡ ಸ್ಕ್ರೂಡ್ರೈವರ್ ತಂದು ಬಾಗಿಲನ್ನೇ ಕೀಲಿನಿಂದ ಕಳಚಿದರು. ಮತ್ತೆ ಎತ್ತುವ ಹೊತ್ತಿಗೆ ಒಬ್ಬನ ಕೈ ಜಾರಿ, ಮುಂಭಾಗದ ಕಲ್ಲುಚಾಚು ಒಂದು ಚೌಕಟ್ಟಿಗೆ ತಾಗಿ ಪಟ್ಟನೆ ಮುರಿದು ಬಿತ್ತು. ಮೇಸ್ತ್ರಿ ಬಗ್ಗಿ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, “ನಡೀರಿ, ನಡೀರಿ, ಅದು ಹೇಗೂ ಮುಗಿಯದ ಭಾಗ” ಎಂದರು. ಜರ್ಮನ್ ಇನ್ನೂ ಬಾರದ ತರುಣರಿಬ್ಬರಿಗೂ ಅರ್ಥವಾಗಲಿಲ್ಲ, ಆದರೂ ಮೇಸ್ತ್ರಿ ನಕ್ಕದ್ದು ನೋಡಿ ಅವರಿಗೆ ಧೈರ್ಯ ಬಂತು.

ಗೋದಾಮಿನಲ್ಲಿ ಮತ್ತೆ ಜೋಡಿಸಲು ಮೂರು ವಾರ ಹಿಡಿಯಿತು. ಒಂದೇ ಒಂದು ಜಗಳ ಆಯಿತು. ಸಂಘದ ಕಾರ್ಯದರ್ಶಿಗೆ ಮುಂಭಾಗ ಬೋಳಾಗಿ ಕಂಡಿತು. ನೋಡುವವರು ಕೆಲಸ ಬರದವರು ಮಾಡಿದ್ದು ಅಂದುಕೊಳ್ಳುತ್ತಾರೆ, ಐದು ಕಮಾನಿನ ಚಂದದ ಜಗುಲಿ ಒಂದು ಆಗಲಿ ಎಂದರು. ಮೇಸ್ತ್ರಿ ಸಿಟ್ಟಿನಿಂದ ಗಾರೆಯ ಕರಣೆ ಕೆಳಗಿಟ್ಟರು. ನಾನು ಮಧ್ಯೆ ಹೋದೆ.

“ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಇದು ಆ ಮಸೀದಿ ಆಗುವುದಿಲ್ಲ, ಬೇರೆ ಯಾವುದೋ ಆಗುತ್ತದೆ. ಆರು ನೂರು ವರ್ಷ ಆ ಊರಿನವರು ಸೇರಿಸಲಿಲ್ಲ. ನಾವು ಯಾಕೆ ಸೇರಿಸಬೇಕು?”

ಕಾರ್ಯದರ್ಶಿ ನನ್ನ ಕಡೆ ತಿರುಗಿದರು. “ಹಾಗಾದರೆ ಅಕ್ಟೋಬರ್‌ನಲ್ಲಿ ಮಸೀದಿಗಳ ಬಾಗಿಲು ಎಲ್ಲರಿಗೂ ತೆರೆದಿಡುವ ದಿನ ಇದೆಯಲ್ಲ, ಬಂದವರಿಗೆ ನೀವೇ ಇದನ್ನು ವಿವರಿಸಿ.”

ತಮಾಷೆಗೆ ಹೇಳಿದರೋ ಏನೋ. ಮೇಸ್ತ್ರಿ ಮಾತ್ರ, “ಹೌದು, ಅವಳೇ ಹೇಳಲಿ” ಎಂದುಬಿಟ್ಟರು.

ಅಕ್ಟೋಬರಿನ ಆ ದಿನ ಹೊಳಪು ಕಂದಿದ ನನ್ನ ಕಾಟನ್ ಸೀರೆ ಉಟ್ಟು ಹೋದೆ. ಅಕ್ಕಪಕ್ಕದ ಜರ್ಮನ್ನರು ಶೂ ಬಿಚ್ಚಿಟ್ಟು ಸಾಕ್ಸಿನಲ್ಲಿ ಮುಜುಗರದಿಂದ ನಿಂತಿದ್ದರು. ನಾನು ಗುಮ್ಮಟ ಎತ್ತಿ, ಕಾರಂಜಿ ತೋರಿಸಿ, ತ್ರಿಕೋನಗಳ ಪಟ್ಟಿ ತೋರಿಸಿ, ದಾರಿಹೋಕರ ಕೋಣೆಗಳಿಗೆ ಬಂದೆ. ಮೂರು ದಿನ ಏನೂ ಕೇಳುತ್ತಿರಲಿಲ್ಲವಂತೆ ಎಂದೆ. ವಯಸ್ಸಾದ ಒಬ್ಬ ಜರ್ಮನ್ ಹೆಂಗಸು ಬಗ್ಗಿ ಒಲೆಯನ್ನು ನೋಡಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪೂರ್ವದ ತಮ್ಮ ಊರಿನಿಂದ ಓಡಿಬಂದಾಗ ತನ್ನನ್ನೂ ತಾಯಿಯನ್ನೂ ಈ ಸೀಮೆಯ ರೈತನೊಬ್ಬನ ಮನೆಗೆ ಹಾಕಿದ್ದರು, ಒಲೆಯಿಲ್ಲದ ಕೋಣೆ ಅದು ಎಂದಳು. ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಎದ್ದುಬಂದು ಅವಳಿಗೆ ಚಹಾ ಕೊಟ್ಟರು. ಇಬ್ಬರೂ ಮೂಲೆಯಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ನಾನು ಪರೀಕ್ಷೆ ಪಾಸಾದೆ. ಪದವಿಯ ಮಾನ್ಯತೆ ಬರಲು ಮತ್ತೊಂದು ವರ್ಷ ಬೇಕಾಯಿತು. ಈಗ ಹೈಡಲ್‌ಬರ್ಗ್ ಕಡೆ, ಹಳೆಯ ಮನೆಗಳ ದುರಸ್ತಿ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಅಳತೆ ತೆಗೆಯುತ್ತೇನೆ. ಕಳೆದ ಚಳಿಗಾಲದಲ್ಲಿ ಮೇಸ್ತ್ರಿ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರ ಮಗಳು ಬಂದು ವೋಲ್ಫ್ಸ್‌ಬುರ್ಗ್‌ಗೆ ಕರೆದುಕೊಂಡು ಹೋದಳು. ಹೋಗುವ ದಿನ ಅವರು ತಮ್ಮ ಟೈಲು ಕತ್ತರಿಸುವ ಇಕ್ಕಳ, ಸಣ್ಣ ಕರಣೆ, ಮಿಕ್ಕ ಹಸಿರು ಚೂರುಗಳ ಡಬ್ಬ ನನ್ನ ಕೈಗಿಟ್ಟು, “ಹೀಟರ್ ಹಾಕಿದಾಗ ಗೋಡೆ ಒಣಗಿ ಟೈಲು ಉದುರುತ್ತದೆ. ತಿಂಗಳಿಗೊಮ್ಮೆ ನೋಡು” ಎಂದರು. ಕಾರು ತಿರುವು ದಾಟುವ ತನಕ ಕೈ ಬೀಸುತ್ತಿದ್ದರು.

ಹೇಳಿದಂತೆ ಉದುರುತ್ತವೆ. ಹೋದ ಶನಿವಾರ ಏಳು ಟೈಲು ನೆಲದಲ್ಲಿದ್ದವು. ಚಹಾ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದ ಮುದುಕರು ನನಗೊಂದು ಕುರ್ಚಿ ಸರಿಸಿ ಕೊಟ್ಟರು. ನಾನು ವೀಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮಗಳ ಕೈಗೆ ಕೊಟ್ಟೆ. ಅವಳು ಗುಮ್ಮಟ ತೆಗೆದ ಅಂಗಳದೊಳಕ್ಕೆ ಅದನ್ನು ಇಳಿಬಿಟ್ಟು ಹಿಡಿದಳು. ಪರದೆಯಲ್ಲಿ ಮೇಸ್ತ್ರಿ ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಗಾರೆ ಜಾಸ್ತಿಯಾಯಿತು, ಮಗಳೇ. ಇನ್ನೂ ತೆಳ್ಳಗೆ. ಹಾಂ, ಹಾಗೆ. ಈಗ ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸು.”

ನಾನು ಒತ್ತಿ ಹಿಡಿದೆ. ಮಗಳು ಜರ್ಮನ್‌ನಲ್ಲಿ ಎಣಿಸಿದಳು, ಅವರು ಅತ್ತಲಿಂದ ತುರ್ಕಿಯಲ್ಲಿ.